ಹಾಜರಿ ಪುಸ್ತಕದ ಕಡೆಯಿಂದ ನಮ್ಮ ಸಬ್ ಸೆಂಟರಿಗೆ ಒಂದು ರಿವ್ಯೂ

ಮೂಡಿಗೆರೆ ತಾಲ್ಲೂಕಿನಲ್ಲಿ ಹೋಮ್‌ಸ್ಟೇಗೆ ರಿವ್ಯೂ ಇದೆ, ನೀರುದೋಸೆ ಹೋಟೆಲಿಗೆ ಇದೆ, ಗುಡ್ಡ ಹತ್ತಿಸುವ ಜೀಪಿನವರಿಗೂ ಇದೆ. ನಮ್ಮ ಸಬ್ ಸೆಂಟರಿಗೆ, ಅಂದರೆ ಹಳ್ಳಿಯ ಸರ್ಕಾರಿ ಆರೋಗ್ಯ ಉಪಕೇಂದ್ರಕ್ಕೆ, ಮಾತ್ರ ಯಾರೂ ಒಂದು ಸಾಲು ಬರೆದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಮೊದಲೇ ಅಂಕ ಹೇಳಿಬಿಡುತ್ತೇನೆ. ಐದಕ್ಕೆ ಮೂರೂವರೆ. ಉಳಿದ ಒಂದೂವರೆ ಎಲ್ಲಿ ಹೋಯಿತು ಅಂತ ಮುಂದೆ ಹೇಳುತ್ತೇನೆ. ಅದರಲ್ಲಿ ಸಿಸ್ಟರ್‌ಗಳ ತಪ್ಪು ಬಹಳ ಕಡಿಮೆ.

ನಾನು ಕಾಫಿ ತೋಟದಲ್ಲಿ ರೈಟರ್. ಬೆಳಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕುವುದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕ ಬರೆಯುವುದು, ವಾರದ ಕೊನೆಗೆ ಬಟವಾಡೆ ಲೆಕ್ಕ ಮಾಡುವುದು ನನ್ನ ಕೆಲಸ. ಬಿ.ಎ.ನಲ್ಲಿ ಅರ್ಥಶಾಸ್ತ್ರ ಓದಿದ್ದೆ. ಆ ಹುಚ್ಚು ಇನ್ನೂ ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ಆಸ್ಪತ್ರೆ ನೋಡಿದರೂ ನನಗೆ ಹಾಜರಿಯೇ ಕಾಣುತ್ತದೆ. ಇಷ್ಟು ಜನಕ್ಕೆ ಜ್ವರ, ಇಷ್ಟು ಆಳು ಕಡಿಮೆ, ಇಷ್ಟು ಹಣ್ಣು ಗಿಡದಲ್ಲೇ ಒಣಗಿತು, ಹೀಗೆ.

ಸಬ್ ಸೆಂಟರ್ ಅಂದರೆ ದೊಡ್ಡದೇನೂ ಅಲ್ಲ. ಹಳದಿ ಬಣ್ಣ ಬಳಿದ ಚಿಕ್ಕ ಕಟ್ಟಡ, ಎರಡು ಕೋಣೆ, ಹೊರಗೆ ಕಲ್ಲಿನ ಬೆಂಚು. ಬೋರ್ಡಿನಲ್ಲಿ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂತ ಇದೆ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು, ನಮ್ಮಂಥ ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಅನ್ನುವುದು ಸರ್ಕಾರದ ಲೆಕ್ಕ. ಡಾಕ್ಟರ್ ಇಲ್ಲಿ ಕೂರುವುದಿಲ್ಲ. ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ ಒಬ್ಬರು, ಮನೆಮನೆ ಸುತ್ತುವ ಹಳೆಯ ಸಿಸ್ಟರ್ ಒಬ್ಬರು, ಜೊತೆಗೆ ಆಶಾ ಅಕ್ಕ. ಡಾಕ್ಟರ್ ಬೇಕೆಂದರೆ ಮೊಬೈಲಿನಲ್ಲಿ ಇ-ಸಂಜೀವಿನಿ ಹಚ್ಚಿ ಮಾತಾಡಿಸುತ್ತಾರೆ. ನೆಟ್‌ವರ್ಕ್ ಇದ್ದರೆ. ಮಳೆಗಾಲದಲ್ಲಿ ಆ ‘ಇದ್ದರೆ’ ಎಷ್ಟು ದೊಡ್ಡದು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಬಿ.ಪಿ., ಶುಗರ್ ಪರೀಕ್ಷೆ ಪುಕ್ಕಟೆ. ಮಾತ್ರೆ ಪುಕ್ಕಟೆ. ಗಾಯಕ್ಕೆ ಡ್ರೆಸ್ಸಿಂಗ್, ಮಕ್ಕಳಿಗೆ ಲಸಿಕೆ, ಬಸುರಿಯರ ತಪಾಸಣೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಜಾಗ ಸ್ವಚ್ಛ. ಮಾತು ಇನ್ನೂ ಸ್ವಚ್ಛ, ‘ಯಾಕಮ್ಮ ಇಷ್ಟು ದಿನ ಬರಲಿಲ್ಲ’ ಅಂತ ಗದರುವುದು ಬಿಟ್ಟರೆ. ಪೇಟೆಯ ಕ್ಲಿನಿಕ್ಕಿನಲ್ಲಿ ಒಳಗೆ ಹೋದ ಕೂಡಲೇ ಇಂಜೆಕ್ಷನ್, ಡ್ರಿಪ್. ಇಲ್ಲಿ ಅದಿಲ್ಲ. ‘ಸೂಜಿ ಹಾಕಲ್ವಾ ಸಿಸ್ಟರ್?’ ಅಂತ ನಮ್ಮವರಿಗೆ ಮೊದಮೊದಲು ಬೇಜಾರಾಗುತ್ತಿತ್ತು.

ನನಗೆ ಈ ಸೇವೆಯ ಬೆಲೆ ಗೊತ್ತಾಗಿದ್ದು ಹೋದ ಕುಯ್ಲಿನಲ್ಲಿ. ಲೈನ್ ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ, ಇರುವ ಒಬ್ಬ ಅಕ್ಕ. ನಲವತ್ತರ ಹತ್ತಿರದ ವಯಸ್ಸು. ಮೊದಲು ಒಳ್ಳೆಯ ಕೈ, ಹಣ್ಣು ಕುಯ್ಯುವುದರಲ್ಲಿ ನಮ್ಮಲ್ಲಿ ಮೊದಲ ಐದಾರು ಜನರಲ್ಲಿ ಒಬ್ಬರು. ಎರಡು ಕುಯ್ಲಿನಿಂದ ಅವರು ಕುಯ್ಯುವ ಹಣ್ಣಿನ ತೂಕ ಇಳಿಯುತ್ತಾ ಬಂತು. ಮಧ್ಯಾಹ್ನದ ಮೇಲೆ ಗಿಡದ ಬುಡದಲ್ಲಿ ಕೂತುಬಿಡುತ್ತಿದ್ದರು. ಮೇಸ್ತ್ರಿಗೆ ಸಿಟ್ಟು. ‘ಮೈಗಳ್ಳತನ ರೈಟ್ರೇ, ಮಗನಿಗೆ ಕೆಲಸ ಸಿಕ್ಕಿದೆ ಅಂತ ಕೊಬ್ಬು’ ಅಂದ. ಆ ಅಕ್ಕ ನನ್ನ ಹತ್ತಿರ ಹೇಳಿದ್ದು ಬೇರೆ. ‘ಎಂತದೋ ಗೊತ್ತಿಲ್ಲ, ಚೀಲ ಎತ್ತಿದ್ರೆ ಎದೆ ಹೊಡ್ಕೊಳ್ತದೆ. ಏರು ಹತ್ತಕ್ಕೆ ಆಗಲ್ಲ.’

ಆಶಾ ಅಕ್ಕ ಬಿಡದೆ ಕರೆದುಕೊಂಡು ಹೋದರು. ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಟ್ಟು, ಅಂಗೈಯಷ್ಟಗಲದ ಮೆಷಿನ್ನಿಗೆ ತೂರಿಸಿದರು. ರಕ್ತದ ಹಿಮೋಗ್ಲೋಬಿನ್ 8.6 ಅಂತ ಬಂತು. ಹೆಂಗಸರಿಗೆ 12 ಇರಬೇಕು. 8ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೇ ಕಳಿಸುತ್ತಿದ್ದರಂತೆ. ಜಂತುಹುಳದ ಮಾತ್ರೆ ಒಂದು, ಆಮೇಲೆ ದಿನಕ್ಕೆ ಎರಡರಂತೆ ಕಬ್ಬಿಣದ ಮಾತ್ರೆ. ‘ಮಾತ್ರೆ ತಗೊಂಡು ಕಾಫಿ ಕುಡೀಬೇಡಿ, ಒಂದು ಗಂಟೆ ಬಿಡಿ. ಕಾಫಿ ಕುಡಿದ್ರೆ ಕಬ್ಬಿಣ ಮೈಗೆ ಹಿಡಿಯಲ್ಲ. ನಿಂಬೆಹಣ್ಣಿನ ನೀರು ಕುಡೀರಿ’ ಅಂದರು ಸಿಸ್ಟರ್. ಕಾಫಿ ತೋಟದವರಿಗೆ ಕಾಫಿ ಬೇಡ ಅನ್ನುವುದು! ಲೈನಿನಲ್ಲಿ ಬೆಳಗ್ಗೆ ಒಲೆ ಹಚ್ಚುವುದೇ ಅದಕ್ಕೆ. ಕೊನೆಗೆ ರಾತ್ರಿ ಊಟವಾದ ಮೇಲೆ ಒಂದು, ಮಧ್ಯಾಹ್ನ ಬುತ್ತಿ ಉಂಡು ಒಂದು ಅಂತ ಒಪ್ಪಂದವಾಯಿತು.

ಸಿಸ್ಟರ್ ಇನ್ನೊಂದು ಮಾತನ್ನೂ ಮೊದಲೇ ಹೇಳಿದ್ದರು. ‘ಕಕ್ಕಸು ಕಪ್ಪಗೆ ಹೋಗ್ತದೆ, ಹೆದರಬೇಡಿ.’ ಮಾತ್ರೆ ಅರ್ಧಕ್ಕೆ ಬಿಡುವವರಲ್ಲಿ ಸುಮಾರು ಜನ ಹೆದರುವುದು ಇದಕ್ಕೇ. ಪೇಟೆಯ ದುಬಾರಿ ಡಾಕ್ಟರು ಈ ಒಂದು ವಾಕ್ಯ ಹೇಳುವುದಿಲ್ಲ ನೋಡಿ.

ಜನವರಿಯಲ್ಲಿ ರೊಬಸ್ಟಾ ಕಾಫಿಯ ಕುಯ್ಲು ಶುರುವಾಗುವಾಗ ಆ ಅಕ್ಕ ಕುಯ್ದ ಹಣ್ಣಿನ ತೂಕ ದಿನಕ್ಕೆ 50 ಕೆಜಿಯ ಹತ್ತಿರ. ಫೆಬ್ರವರಿ ಕೊನೆಗೆ 75ರ ಮೇಲೆ. ಎಲ್ಲಾ ಮಾತ್ರೆಯಿಂದಲೇ ಅಂತ ನಾನು ಹೇಳುವುದಿಲ್ಲ, ಆಗ ಹಣ್ಣೂ ಜಾಸ್ತಿ ಇತ್ತು. ಆದರೆ ಅವರ ಜೊತೆಗೇ ಸಾಲು ಹಿಡಿಯುವ ನಾದಿನಿಯ ತೂಕ ಅಷ್ಟೇನೂ ಏರಲಿಲ್ಲ. ಕುಯ್ಲಿನ ಕೂಲಿ ಕೆಜಿ ಲೆಕ್ಕ. ಹೆಚ್ಚಿಗೆ ಕುಯ್ದ 25 ಕೆಜಿಯ ದುಡ್ಡು ನೇರ ಅವರ ಮನೆಗೆ ಹೋಯಿತು. ಸಾಹುಕಾರರ ಹಣ್ಣು ಗಿಡದಿಂದ ಉದುರುವ ಮೊದಲು ಕಣಕ್ಕೆ ಬಂತು. ಇಬ್ಬರಿಗೂ ಲಾಭ. ಖರ್ಚು ಒಂದಷ್ಟು ಮಾತ್ರೆ, ಒಂದು ಪಟ್ಟಿ. ಮೇಸ್ತ್ರಿ ಈಗ ಆ ವಿಷಯ ಎತ್ತುವುದಿಲ್ಲ.

ಇದೇನು ಹೊಸ ಕಥೆಯಲ್ಲ. ಶ್ರೀಲಂಕಾದ ಟೀ ತೋಟದಲ್ಲಿ ಇದೇ ಪ್ರಯೋಗ ಮಾಡಿ 1979ರಲ್ಲಿ ಪ್ರಕಟಿಸಿದ್ದಾರೆ. ರಕ್ತಹೀನತೆ ಇದ್ದ ಹೆಂಗಸರಿಗೆ ಕಬ್ಬಿಣದ ಅಂಶ ಕೊಟ್ಟು, ದಿನಕ್ಕೆ ಎಷ್ಟು ಸೊಪ್ಪು ಕುಯ್ಯುತ್ತಾರೆ ಅಂತ ತೂಗಿದರು. ತೂಕ ಏರಿತು. ಯಾರಿಗೆ ರಕ್ತ ತೀರಾ ಕಡಿಮೆ ಇತ್ತೋ ಅವರಲ್ಲಿ ಹೆಚ್ಚು ಏರಿತು. ಅದೇ ವರ್ಷ ಇಂಡೋನೇಷ್ಯಾದ ರಬ್ಬರ್ ತೋಟದ ಅಧ್ಯಯನವೂ ಬಂತು. ಅಲ್ಲಿ ರಬ್ಬರ್ ಹಾಲು ತೆಗೆಯುವವರ ಕೆಲಸ ಸುಮಾರು 17% ಹೆಚ್ಚಿತು. ಅದನ್ನು ಓದುವಾಗ ನನ್ನ ಕಣ್ಣಿಗೆ ಬಂದಿದ್ದು ವಿಜ್ಞಾನಿ ಅಲ್ಲ, ಅಲ್ಲಿ ತಕ್ಕಡಿ ಹಿಡಿದು ನಿಂತ ರೈಟರ್.

ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಮಂದಿಗೆ ರಕ್ತಹೀನತೆ ಇದೆ ಅನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ದೇಶದ ಲೆಕ್ಕ 57%. ಅಂದರೆ ನನ್ನ ಚೆಕ್‌ರೋಲಿನ ಹೆಂಗಸರ ಪುಟದಲ್ಲಿ ಹೆಚ್ಚುಕಡಿಮೆ ಒಂದು ಬಿಟ್ಟು ಒಂದು ಹೆಸರು. ಅವರೆಲ್ಲ ಹಾಜರಿ ಇರುತ್ತಾರೆ. ಪುಸ್ತಕದಲ್ಲಿ ಪೂರ್ತಿ ಆಳು, ಗಿಡದ ಹತ್ತಿರ ಮುಕ್ಕಾಲು ಆಳು. ನಾವು ತೋಟದ ಮಣ್ಣನ್ನು ಚೀಲದಲ್ಲಿ ಕಟ್ಟಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಪರೀಕ್ಷೆಗೆ ಕಳಿಸುತ್ತೇವೆ. ಸುಣ್ಣ ಎಷ್ಟು, ಪೊಟ್ಯಾಶ್ ಎಷ್ಟು ಅಂತ ಕೇಳಿ ತಿಳಿದು ಹಾಕುತ್ತೇವೆ. ಕುಯ್ಯುವವರ ರಕ್ತ ಪರೀಕ್ಷೆ ಮಾಡಿಸಿದ ತೋಟ ಎಷ್ಟಿದೆ ಹೇಳಿ?

ಈಗ ಒಂದೂವರೆ ಅಂಕದ ವಿಷಯ.

ಸಬ್ ಸೆಂಟರ್ ಬೆಳಗ್ಗೆ 9ಕ್ಕೆ ತೆರೆಯುತ್ತದೆ, ಸಂಜೆ 4.30ಕ್ಕೆ ಮುಚ್ಚುತ್ತದೆ. ತೋಟದ ಹಾಜರಿ 8ಕ್ಕೆ, ಕೆಲಸ ಬಿಡುವುದು 4.30ಕ್ಕೆ. ಕುಯ್ಲಿನಲ್ಲಿ ತೂಕ ಮುಗಿಯುವಾಗ ಇನ್ನೂ ತಡ. ಅರ್ಥವಾಯಿತಲ್ವಾ? ಅಲ್ಲಿಗೆ ಹೋಗಬೇಕೆಂದರೆ ಒಂದು ಹಾಜರಿ ಹೋಗುತ್ತದೆ. ನಮ್ಮಲ್ಲಿ ದಿನಗೂಲಿ ₹500ರ ಆಸುಪಾಸು. ಮಾತ್ರೆ ಪುಕ್ಕಟೆ, ಮಾತ್ರೆ ತರುವುದಕ್ಕೆ ₹500. ಬಿ.ಪಿ. ಮಾತ್ರೆ ತಿಂಗಳಿಗೆ ಒಮ್ಮೆ ತರಬೇಕು. ವರ್ಷಕ್ಕೆ ಹನ್ನೆರಡು ಹಾಜರಿ. ಬಿ.ಪಿ. ಇದೆ ಅಂತ ಮೈ ಹೇಳುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಇಲ್ಲದ ನೋವಿಗೆ ಯಾರು ಹನ್ನೆರಡು ಹಾಜರಿ ಬಿಡುತ್ತಾರೆ? ಬಿಡುವುದಿಲ್ಲ. ಆಮೇಲೆ ಒಂದು ದಿನ ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ, ಗಂಡಸು ಲಕ್ವ ಹೊಡೆದು ಬೀಳುತ್ತಾನೆ. ಆಗ ಹೋಗುವುದು ಅವನೊಬ್ಬನ ಕೂಲಿ ಅಲ್ಲ. ನೋಡಿಕೊಳ್ಳಲು ಹೆಂಡತಿಯೂ ಮನೆಯಲ್ಲಿ ಉಳಿಯಬೇಕು. ದೊಡ್ಡ ಮಗಳು ಕಾಲೇಜು ಬಿಟ್ಟು ಚೀಲ ಹಿಡಿದು ಬರುತ್ತಾಳೆ. ಹೊಸ ಹೆಸರು ಬರೆಯಲು ಅಂಥ ಮಗು ನನ್ನ ಮುಂದೆ ನಿಂತಾಗ ಪೆನ್ನು ಓಡುವುದಿಲ್ಲ.

ದೇಶದ ಆರೋಗ್ಯ ಖರ್ಚಿನಲ್ಲಿ ಜನ ಸ್ವಂತ ಜೇಬಿನಿಂದ ಹಾಕುವ ಪಾಲು 2013-14ರಲ್ಲಿ 64.2% ಇತ್ತು, 2021-22ಕ್ಕೆ 39.4%ಗೆ ಇಳಿದಿದೆ. ಇದು ಸರ್ಕಾರದ್ದೇ ಲೆಕ್ಕ. ಇಳಿದಿದ್ದು ಒಳ್ಳೆಯದೇ. ಆದರೆ ಈ ಹೋದ ಹಾಜರಿ ಆ ಲೆಕ್ಕಕ್ಕೆ ಬರುವುದಿಲ್ಲ. ಅದು ನನ್ನ ಪುಸ್ತಕದಲ್ಲಿ ಮಾತ್ರ ಇರುತ್ತದೆ, ‘ಗೈರು’ ಅನ್ನುವ ಗೆರೆಯಾಗಿ.

ಸಿಸ್ಟರ್ ಹತ್ತಿರ ಈ ಮಾತು ಎತ್ತಿದೆ. ‘ನಮ್ಮ ಟೈಮಿಂಗ್ ನಾವು ಬದಲಿಸೋ ಹಾಗಿಲ್ಲ ಸರ್. ನೀವೇ ಒಂದು ಜಾಗ ಕೊಡಿ, ತೂಕದ ಹೊತ್ತಿಗೆ ನಾನೇ ಬರ್ತೀನಿ’ ಅಂದರು. ಸಾಹುಕಾರರನ್ನು ಕೇಳಿದೆ. ಅವರು ಮೊದಲು ‘ನಮಗೇನು ಸಂಬಂಧ’ ಅನ್ನುವ ಮುಖ ಮಾಡಿದರು. ತೋಟದ ಆಳುಗಳಿಗೆ ವೈದ್ಯಕೀಯ ಸೌಲಭ್ಯ ಕೊಡುವುದು ಮಾಲೀಕರ ಹೊಣೆ ಅಂತ 1951ರಲ್ಲೇ ಪ್ಲಾಂಟೇಷನ್ ಲೇಬರ್ ಆಕ್ಟ್ ಬರೆದಿತ್ತು ಅಂತ ನೆನಪಿಸಿದೆ. ನಯವಾಗಿಯೇ, ನೌಕರಿ ಬೇಕಲ್ಲ. ಆಮೇಲೆ ಆ ಅಕ್ಕನ ತೂಕದ ಪುಟ ತೋರಿಸಿದೆ. ಕಾಯ್ದೆಗಿಂತ ಕೆಜಿ ಬೇಗ ಅರ್ಥವಾಯಿತು. ಈಗ ತಿಂಗಳಿಗೊಂದು ಸಂಜೆ ಗೋಡೌನಿನ ಜಗಲಿಯಲ್ಲಿ ಒಂದು ಮೇಜು ಹಾಕುತ್ತೇವೆ. ತೂಕ ಮುಗಿಸಿದವರು ಹಾಗೇ ತೋಳು ಮುಂದೆ ಮಾಡಿ ಬಿ.ಪಿ. ನೋಡಿಸಿಕೊಂಡು, ತಿಂಗಳ ಮಾತ್ರೆ ತಗೊಂಡು ಹೋಗುತ್ತಾರೆ. ಹಾಜರಿ ಹೋಗುವುದಿಲ್ಲ. ಬಿ.ಪಿ. ಇದ್ದರೂ ಮಾತ್ರೆ ನಿಲ್ಲಿಸಿದ್ದವರು ಒಬ್ಬೊಬ್ಬರಾಗಿ ವಾಪಸ್ ಬಂದಿದ್ದಾರೆ. ಆದರೆ ಇದು ಆ ಒಬ್ಬ ಸಿಸ್ಟರ್‌ನ ಒಳ್ಳೆಯತನದ ಮೇಲೆ ನಿಂತಿದೆ. ಅವರಿಗೆ ವರ್ಗವಾದರೆ ಮೇಜೂ ಹೋಯಿತು. ಅದಕ್ಕೇ ಒಂದು ಅಂಕ ಪೂರ್ತಿ ಕಡಿದಿದ್ದು.

ಉಳಿದ ಅರ್ಧ ಅಂಕ ಚಿಲ್ಲರೆ ತೊಂದರೆಗಳಿಗೆ. ಕೆಲವು ತಿಂಗಳು ಶುಗರ್ ಮಾತ್ರೆ ಬರುವುದೇ ಇಲ್ಲ, ‘ಇಂಡೆಂಟ್ ಹಾಕಿದ್ದೀವಿ’ ಅನ್ನುವ ಉತ್ತರ. ಎಲ್ಲಕ್ಕೂ ಮೊಬೈಲ್ ನಂಬರ್, ಓ.ಟಿ.ಪಿ. ಕೇಳುತ್ತಾರೆ. ಲೈನಿನಲ್ಲಿ ಮೂರು ಮನೆಗೆ ಒಂದು ಫೋನ್, ಅದೂ ಮಗನ ಜೇಬಿನಲ್ಲಿ ಚಿಕ್ಕಮಗಳೂರಿಗೆ ಹೋಗಿರುತ್ತದೆ. ಈಗ ತೋಟಗಳಲ್ಲಿ ಅರ್ಧಕ್ಕರ್ಧ ಅಸ್ಸಾಂ ಕಡೆಯ ಹುಡುಗರು, ಹುಡುಗಿಯರು. ಅವರಿಗೆ ಕನ್ನಡ ಬರಲ್ಲ, ನಮ್ಮ ಸಿಸ್ಟರ್‌ಗೆ ಹಿಂದಿ ಅರ್ಧಂಬರ್ಧ. ಹೊಟ್ಟೆ ಮುಟ್ಟಿ, ತಲೆ ಹಿಡಿದು, ಸನ್ನೆಯಲ್ಲೇ ರೋಗ ಹೇಳಬೇಕು. ಇವರು ಇಲ್ಲದಿದ್ದರೆ ಕುಯ್ಲೇ ಇಲ್ಲ ಅನ್ನುವ ಕಾಲ ಬಂದಿರುವಾಗ, ಗೋಡೆಯ ಮೇಲೆ ಅವರ ಭಾಷೆಯ ಒಂದು ಚಾರ್ಟ್ ಕೂಡ ಇಲ್ಲ ಅಂದರೆ ಹೇಗೆ?

ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಇನ್ನೊಂದು ಕೆಲಸ ಇವರದ್ದು. ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ರೋಗ. ಈಗ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಕಾಡುತ್ತದೆ. ಉಣ್ಣೆ ಹುಳ ಕಚ್ಚಿ ಬರುವ ಜ್ವರ. ಅದರ ಕಾಲ, ಕುಯ್ಲಿನ ಕಾಲ ಎರಡೂ ಒಂದೇ. ಹಳೆಯ ಲಸಿಕೆ ಸಾಲುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಈಗ ಕೈಯಲ್ಲಿರುವುದು ಡೆಪಾ ಎಣ್ಣೆ, ಕೈಕಾಲಿಗೆ ಹಚ್ಚಿಕೊಂಡು ಹೋದರೆ ಉಣ್ಣೆ ಹತ್ತುವುದಿಲ್ಲ. ಆ ಕಡೆಯಿಂದ ಆಳುಗಳು ಬರುತ್ತಾರೆ ಅಂತ ಆಶಾ ಅಕ್ಕ ನಮ್ಮ ತೋಟಕ್ಕೂ ಬಾಟಲಿ ತಂದುಕೊಟ್ಟಿದ್ದರು. ಹಚ್ಚಿಕೊಳ್ಳುವುದಕ್ಕೆ ಹುಡುಗರಿಗೆ ಸೋಮಾರಿತನ, ಅದು ಬೇರೆ ಮಾತು.

ಹಳಬರನ್ನು ಕೇಳಿದರೆ ಮಲೆನಾಡಿನ ಜ್ವರದ ಕಥೆ ಹೇಳುತ್ತಾರೆ. ಮಲೇರಿಯಾಕ್ಕೆ ಹೆದರಿ ಬಯಲುಸೀಮೆಯವರು ಇಲ್ಲಿಗೆ ಹೆಣ್ಣು ಕೊಡುತ್ತಿರಲಿಲ್ಲವಂತೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗುವ ಮೊದಲು ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು. ಮನೆಮನೆಗೆ ಡಿ.ಡಿ.ಟಿ. ಹೊಡೆದರು. 1961ರ ಹೊತ್ತಿಗೆ ಅದು 50 ಸಾವಿರ ಪ್ರಕರಣಕ್ಕೆ ಇಳಿದಿತ್ತು. ಆಮೇಲೆ ಸಡಿಲ ಬಿಟ್ಟರು, 1976ರಲ್ಲಿ ಮತ್ತೆ 64 ಲಕ್ಷ ದಾಟಿತು.

ಮಲೇರಿಯಾ ಇಳಿದಿದ್ದರಿಂದ ಜನ ಎಷ್ಟು ಶ್ರೀಮಂತರಾದರು ಅಂತ ಅರ್ಥಶಾಸ್ತ್ರಜ್ಞರು ಕೂತು ಲೆಕ್ಕ ಹಾಕಿದ್ದಾರೆ. 2010ರಲ್ಲಿ ಡೇವಿಡ್ ಕಟ್ಲರ್, ಮೈಕೆಲ್ ಕ್ರೆಮರ್ ಮತ್ತಿತರರು ಭಾರತದ ಇದೇ ಮಲೇರಿಯಾ ಕಾರ್ಯಕ್ರಮ ಹಿಡಿದು ನೋಡಿದರು. ಚಿಕ್ಕವಯಸ್ಸಿನಲ್ಲಿ ಮಲೇರಿಯಾದಿಂದ ಪಾರಾದ ಮಕ್ಕಳು ದೊಡ್ಡವರಾದ ಮೇಲೆ ಅಕ್ಷರದಲ್ಲಿ ಮುಂದೆ ಹೋಗಿದ್ದು ಕಾಣಲಿಲ್ಲ. ಗಂಡಸರ ಮನೆಯ ಖರ್ಚು ಮಾಡುವ ಶಕ್ತಿ ಮಾತ್ರ ಸ್ವಲ್ಪ ಏರಿತ್ತು. ಸ್ವಲ್ಪವೇ. ಆಯಸ್ಸು 10% ಹೆಚ್ಚಿದರೆ ಆರ್ಥಿಕ ಬೆಳವಣಿಗೆ ವರ್ಷಕ್ಕೆ 0.3ರಿಂದ 0.4 ಶೇಕಡಾ ಅಂಶ ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2001ರಲ್ಲಿ ಹೇಳಿತ್ತು. 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಸೆಮೊಗ್ಲು, ಜಾನ್ಸನ್ ಇಬ್ಬರೂ 2007ರಲ್ಲೇ ‘ಹಾಗೇನೂ ಕಾಣುವುದಿಲ್ಲ’ ಅಂದಿದ್ದರು. ಆಯಸ್ಸು ಹೆಚ್ಚಿತು, ಜನಸಂಖ್ಯೆಯೂ ಹೆಚ್ಚಿತು, ತಲೆಗೆ ಬೀಳುವ ಆದಾಯದ ಪಾಲು ಏರಲಿಲ್ಲ ಅನ್ನುವುದು ಅವರ ವಾದ.

ನನಗೆ ಈ ಜಗಳ ಬಿಡಿಸುವ ಯೋಗ್ಯತೆ ಇಲ್ಲ. ತೋಟದಲ್ಲಿ ನಿಂತು ನೋಡಿದರೆ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಸಾಯುವವರನ್ನು ಉಳಿಸುವುದು ಒಂದು, ಬದುಕಿರುವವರ ಕೈಗೆ ಬಲ ಕೊಡುವುದು ಇನ್ನೊಂದು. ಉಳಿದವರಿಗೆ ಕೆಲಸ, ಜಮೀನು, ಶಾಲೆ ಇಲ್ಲದಿದ್ದರೆ ತಲೆ ಲೆಕ್ಕದಲ್ಲಿ ಏನೂ ಏರುವುದಿಲ್ಲ, ನಿಜ. ಆದರೆ 8.6 ಇದ್ದ ರಕ್ತ ಏರಿದರೆ ಸಂಜೆಯ ತಕ್ಕಡಿ ಅವತ್ತೇ ಹೇಳುತ್ತದೆ. ಅದಕ್ಕೆ ಇಪ್ಪತ್ತು ವರ್ಷ ಕಾಯಬೇಕಿಲ್ಲ. ಸರ್ಕಾರ ದುಡ್ಡು ಹಾಕುವಾಗ ಮೊದಲು ಈ ಸಣ್ಣ ಕೆಲಸಕ್ಕೆ ಹಾಕಲಿ ಅನ್ನುವುದು ನನ್ನ ವಾದ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕಟ್ಟಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅದೂ ಬೇಕು. ಆದರೆ 2025ರಲ್ಲಿ ಪಕ್ಕದ ಹಾಸನದಲ್ಲಿ ಹೃದಯಾಘಾತದ ಸುದ್ದಿ ಎದ್ದಾಗ ಏನಾಯಿತು? ಜನ ಗಾಬರಿಯಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಆ ಸಾಲಿನಲ್ಲಿ ಎಷ್ಟು ಜನಕ್ಕೆ ಸುಮ್ನೆ ಊರಲ್ಲೇ ಬಿ.ಪಿ., ಶುಗರ್ ನೋಡಿದ್ದರೆ ಸಾಕಿತ್ತೋ.

ಪೇಟೆಯ ಖಾಸಗಿ ಕ್ಲಿನಿಕ್ ಜೊತೆ ಹೋಲಿಸಿ ಅಂತ ಕೇಳುವವರಿಗೆ: ಜ್ವರ ಮೂರು ದಿನ ಬಿಡದಿದ್ದರೆ, ಹಾವು ಕಚ್ಚಿದರೆ, ಎದೆನೋವು ಬಂದರೆ ಸಬ್ ಸೆಂಟರಿಗೆ ಹೋಗಿ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ ಸೀದಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬಿ.ಪಿ., ಶುಗರ್, ರಕ್ತಹೀನತೆ, ಬಸುರಿ ಬಾಣಂತಿ, ಮಕ್ಕಳ ಲಸಿಕೆ, ಇವಕ್ಕೆಲ್ಲ ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿ ನಾನು ನೋಡಿಲ್ಲ.

ಹೋಗುವವರು ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ ಎರಡನ್ನೂ ತಗೊಂಡು ಹೋಗಿ, ಹೊಸಬರಿದ್ದರೆ ಗುರುತು ಹಿಡಿಯಲು ಸುಲಭ. ಓ.ಟಿ.ಪಿ. ಬರುವ ಫೋನ್ ಜೊತೆಗಿರಲಿ. ಲಸಿಕೆಯ ದಿನ ಗಲಾಟೆ ಜಾಸ್ತಿ, ಮಕ್ಕಳ ಅಳು ಬೇರೆ, ಅವತ್ತು ಬಿ.ಪಿ.ಗೆ ಹೋಗಬೇಡಿ. ನಮ್ಮ ಗೋಡೌನಿನ ಜಗಲಿಗೆ ಅಕ್ಕಪಕ್ಕದ ತೋಟದವರೂ ಬರಬಹುದು, ಸಾಹುಕಾರರು ಬೇಡ ಅಂದಿಲ್ಲ. ಯಾವ ಸಂಜೆ ಅಂತ ಆಶಾ ಅಕ್ಕನನ್ನು ಕೇಳಿಕೊಳ್ಳಿ.